ಹೆಸರಿಲ್ಲದ ಜೆರ್ಸಿಯ ಬೇಸಿಗೆ

ಹೋದ ವಾರ ಕೆಲಸದ ಮೇಲೆ ಒಂದು ಸಣ್ಣ ಊರಿಗೆ ಹೋಗಬೇಕಾಯಿತು. ನನ್ನ ಆಫೀಸು ಡಚ್ಚರ ನಾಡಿನ ಕಾಪೆಲ್ಲೆಯಲ್ಲಿ. ಕಟ್ಟಡಗಳ ಹೀಟಿಂಗ್, ಏಸಿ ನೋಡಿಕೊಳ್ಳುವುದು ನಮ್ಮ ಕೆಲಸ. ಫೆಬ್ರವರಿಯಿಂದೀಚೆಗೆ ಆ ಊರಿನ ಕೆಲಸ ಬಂದರೆ ಜೊತೆಯವರಿಗೆ ದಾಟಿಸುತ್ತಿದ್ದೆ. ಜುಲೈ ತಿಂಗಳಾದ್ದರಿಂದ ಈ ಸಲ ಎಲ್ಲರೂ ರಜೆಯಲ್ಲಿದ್ದರು.

ಶಾಲೆಯೊಂದರ ಬಾಯ್ಲರ್ ಸರಿಮಾಡಿ ಸ್ಟೇಶನ್ ಕಡೆಗೆ ನಡೆಯುವಾಗ ಹಸಿ ಹುಲ್ಲಿನ ವಾಸನೆ ಬಂತು. ಆಗತಾನೇ ಕತ್ತರಿಸಿ ನೀರು ಬಿಟ್ಟ ಹುಲ್ಲು. ಬೇಲಿಯಾಚೆ ಫುಟ್‌ಬಾಲ್ ಕ್ಲಬ್ಬಿನ ತರಬೇತಿ ಮೈದಾನ. ಹುಡುಗರು ಓಡುತ್ತಿದ್ದರು. ಹೆಚ್ಚಿನವರ ಬೆನ್ನ ಮೇಲೆ ಹೆಸರಿತ್ತು. ಕೆಲವರ ಬೆನ್ನು ಖಾಲಿ, ದೊಡ್ಡದೊಂದು ನಂಬರು ಮಾತ್ರ. ಅವರು ಟ್ರಯಲ್‌ಗೆ ಬಂದವರು. ಜೆರ್ಸಿ ನೋಡದೆಯೂ ಅವರನ್ನು ಗುರುತಿಸಬಹುದು. ಓಟ ಮುಗಿದಾಗ ಉಳಿದವರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಇವರು ಗೆರೆ ದಾಟಿದ ಮೇಲೂ ನಾಲ್ಕು ಹೆಜ್ಜೆ ಓಡುತ್ತಾರೆ. ಯಾರಾದರೂ ನೋಡುತ್ತಿರಬಹುದಲ್ಲ.

ಇದನ್ನು ನನಗೆ ತೋರಿಸಿಕೊಟ್ಟದ್ದು ನನ್ನ ಹೆಂಡತಿ ವಾರಿಜಾ. ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅವಳ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ಆಸ್ಪತ್ರೆಯೇ ಮುಂದೆ ಬಂದು ನಿಲ್ಲುತ್ತಿತ್ತು. ಆ ದಿನ ಬೇಲಿ ಹಿಡಿದು ನಿಂತಾಗ ಆಸ್ಪತ್ರೆ ಬರಲಿಲ್ಲ. ಎರಡು ವರ್ಷದ ಹಿಂದಿನ ಬೇಸಿಗೆ ಬಂತು. ನಿಹಾಲ್ ನಮ್ಮ ಮನೆಯಲ್ಲಿದ್ದ ಬೇಸಿಗೆ.

ಆ ವರ್ಷ ಏಪ್ರಿಲ್‌ನಲ್ಲಿ ವಾರಿಜಾಳ ಚಿಕಿತ್ಸೆ ಮುಗಿದಿತ್ತು. ಎಡ ಸ್ತನದ ಆಪರೇಷನ್, ಆಮೇಲೆ ಕೀಮೊ, ಆಮೇಲೆ ರೇಡಿಯೇಷನ್. ಆಪರೇಷನ್ ಆದ ಮೇಲೆ ಎಡಗೈ ಪೂರ್ತಿ ಮೇಲೆ ಏಳುತ್ತಿರಲಿಲ್ಲ. ತಲೆಯಲ್ಲಿ ಕೂದಲು ಆಗಷ್ಟೇ ಹುಟ್ಟುತ್ತಿತ್ತು. ಡಾಕ್ಟರು ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದರು. ಸಂತೋಷಪಡಬೇಕಾದ ಕಾಲ. ಆದರೆ ಆಸ್ಪತ್ರೆಗೆ ಓಡುವುದು ನಿಂತ ಮೇಲೆ ಅವಳಿಗೆ ಮಾಡಲು ಏನೂ ಉಳಿಯಲಿಲ್ಲ. ವೂರ್‌ಬರ್ಗ್‌ನ ನಮ್ಮ ಮನೆಯ ಕಿಟಕಿಯ ಹತ್ತಿರ ಕೂತು ಟ್ರಾಮ್ ನೋಡುತ್ತಿದ್ದಳು. ಮಗಳು ಓದಲು ಗ್ರೋನಿಂಗನ್‌ಗೆ ಹೋಗಿದ್ದಳು. ನಾನು ಆಫೀಸಿನಿಂದ ಬಂದು "ಹೇಗುಂಟು?" ಎಂದು ಕೇಳುವುದು, ಅವಳು "ಉಂಟು" ಎನ್ನುವುದು, ಅಷ್ಟೇ ಮಾತು.

ಜೂನ್ ಕೊನೆಯಲ್ಲಿ ಎನ್ಸ್‌ಖೆಡೆಯಿಂದ ಶೇಖರಣ್ಣ ಫೋನ್ ಮಾಡಿದರು. ಮಂಗಳೂರಿನವರು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯ. ಅವರ ಮಗ ನಿಹಾಲ್‌ಗೆ ನಮ್ಮ ಕಡೆಯ ಇದೇ ಕ್ಲಬ್ಬಿನಲ್ಲಿ ಟ್ರಯಲ್ ಸಿಕ್ಕಿತ್ತು. ಎರಡನೇ ದರ್ಜೆಯ ಲೀಗಿನ ಸಣ್ಣ ಕ್ಲಬ್; ಹೆಸರು ಇಲ್ಲಿ ಬೇಡ. ಎನ್ಸ್‌ಖೆಡೆಯಿಂದ ದಿನಾ ಹೋಗಿಬರಲು ಆಗದು. ಆಗಸ್ಟ್ ಕೊನೆಯವರೆಗೆ ಒಂದು ಕೋಣೆ ಬೇಕಿತ್ತು. ನಾನು "ವಾರಿಜಾಗೆ ಹುಷಾರಿಲ್ಲ ಶೇಖರಣ್ಣ..." ಎಂದು ಶುರುಮಾಡಿದೆ. ಕಿಟಕಿಯ ಹತ್ತಿರದಿಂದ ಸ್ವರ ಬಂತು.

"ಬರ್ಲಿಕ್ಕೆ ಹೇಳಿ."

"ನಿಂಗೆ ಆಗುದಿಲ್ಲ. ಅಡುಗೆ ಎಲ್ಲ..."

"ದಿನಾ ನಿಮ್ಮ ಒಂದು ಮುಖ ನೋಡಿ ನೋಡಿ ಸಾಕಾಗಿದೆ ಮಾರಾಯ್ರೆ. ಬರ್ಲಿಕ್ಕೆ ಹೇಳಿ."

ನಿಹಾಲ್ ಬಂದಾಗ ಅವನ ಬ್ಯಾಗೇ ಅವನಿಗಿಂತ ದೊಡ್ಡದಿತ್ತು. ಇಪ್ಪತ್ತೊಂದು ವರ್ಷ, ತೆಳ್ಳಗೆ, ಮಾತು ಕಡಿಮೆ. ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಮಾತಾಡುವಾಗ ಅರ್ಧಕ್ಕೆ ಇಂಗ್ಲಿಷ್ ಬರುತ್ತಿತ್ತು, ಸಿಟ್ಟು ಬಂದರೆ ಡಚ್. ಮೊದಲ ದಿನ ಊಟಕ್ಕೆ ಕೂತವನು ಕ್ಲಬ್ ಕೊಟ್ಟ ಆಹಾರದ ಸೂಚನೆಗಳನ್ನು ಫೋನಿನಲ್ಲಿ ತೋರಿಸಿದ.

"ಆಂಟಿ, ಮಾರ್ನಿಂಗ್ ಓಟ್ಸ್ ತಿನ್ಬೇಕಂತೆ. ಮತ್ತೆ ಆಯ್ಲಿ ಫಿಶ್, ವೀಕ್‌ಗೆ ಟ್ವೈಸ್."

"ಆಯ್ಲಿ ಫಿಶ್ ಅಂದ್ರೆ ಬಂಗುಡೆ ಅಲ್ವಾ?"

"ಯಾ, ಮ್ಯಾಕೆರೆಲ್."

"ಹಾಗಾದ್ರೆ ಪುಳಿಮುಂಚಿ ಮಾಡ್ತೇನೆ. ಓಟ್ಸ್ ಬಿಡು, ಕುಚ್ಚಲಕ್ಕಿ ಗಂಜಿ ಕುಡಿದು ಹೋಗು. ನಿನ್ನ ಅಜ್ಜ ಗಂಜಿ ಕುಡಿದೇ ಗದ್ದೆ ಉತ್ತದ್ದು."

"ಅಜ್ಜ ಬ್ಯಾಂಕಲ್ಲಿ ಇದ್ದಿದ್ದು, ಆಂಟಿ."

"ಬ್ಯಾಂಕಿಗೂ ಗಂಜಿ ಕುಡಿದೇ ಹೋದದ್ದು" ಎಂದಳು ವಾರಿಜಾ. ಏಪ್ರಿಲ್ ನಂತರ ಅವಳು ಒಂದು ಮಾತಿಗೆ ಎದುರು ಮಾತು ಕೊಟ್ಟದ್ದು ಅದೇ ಮೊದಲು. ನಾನು ತಟ್ಟೆ ನೋಡುತ್ತಾ ಕೂತೆ, ಮುಖ ಎತ್ತಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಟ್ರಯಲ್ ಎಂದರೆ ಏನೆಂದು ನಮಗೆ ನಿಧಾನವಾಗಿ ತಿಳಿಯಿತು. ನಿಹಾಲ್ ಹನ್ನೊಂದನೇ ವಯಸ್ಸಿನಿಂದ ಒಂದು ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲಿದ್ದವನು. ಹತ್ತೊಂಬತ್ತಕ್ಕೆ ಅವರು ಕೈಬಿಟ್ಟರು. ಆಮೇಲೆ ಊರಿನ ಹವ್ಯಾಸಿ ತಂಡದಲ್ಲಿ ಆಡಿದ. ಈಗ ಈ ಕ್ಲಬ್ ಬೇಸಿಗೆಯ ತರಬೇತಿಗೆ ಕರೆದಿತ್ತು. ಕರೆದಿತ್ತು ಎಂದರೆ ಬಂದು ಆಡಲು ಬಿಟ್ಟಿತ್ತು, ಅಷ್ಟೇ. ಸಂಬಳವಿಲ್ಲ, ರೈಲಿನ ಖರ್ಚು ಕೊಡುತ್ತಿದ್ದರು. ತಂಡದಲ್ಲಿ ಕಾಂಟ್ರಾಕ್ಟ್ ಇರುವವರ ಜಾಗ ಮೊದಲೇ ತುಂಬಿರುತ್ತದೆ. ಅಕಾಡೆಮಿಯಿಂದ ಮೇಲೆ ಬಂದ ಹುಡುಗರಿಗೆ ಆಮೇಲಿನ ಪಾಲು. ಯಾರಾದರೂ ಬೇರೆ ಕಡೆ ಮಾರಾಟವಾದರೆ, ಇಲ್ಲವೇ ಗಾಯಗೊಂಡರೆ, ಟ್ರಯಲ್‌ಗೆ ಬಂದವನಿಗೆ ಒಂದು ಬಾಗಿಲು. ಆಗಸ್ಟ್ ಕೊನೆಗೆ ಆ ಬಾಗಿಲೂ ಮುಚ್ಚುತ್ತದೆ. ಎಲ್ಲ ಸರಿಯಾಗಿ ಬಂದರೆ ಒಂದು ವರ್ಷದ ಕಾಂಟ್ರಾಕ್ಟ್, ಕೈಗೆ ಬರುವ ಹಣ ಅಂಗಡಿಯಲ್ಲಿ ಕೆಲಸ ಮಾಡಿದರೂ ಬರುವಷ್ಟೇ.

"ಅಷ್ಟಕ್ಕೆ ಇಷ್ಟು ಕಷ್ಟವಾ?" ಎಂದು ನಾನು ಕೇಳಿದ್ದೆ.

"ಅಂಕಲ್, ಟ್ವೆಂಟಿ ಟೂ ಆದ್ಮೇಲೆ ಯಾರೂ ಕರೆಯಲ್ಲ" ಎಂದ ನಿಹಾಲ್. "ಪಪ್ಪ ಹೇಳಿದ್ದಾರೆ. ಇದೊಂದು ಸಮ್ಮರ್. ಆಗ್ಲಿಲ್ಲ ಅಂದ್ರೆ ಸೆಪ್ಟೆಂಬರ್‌ನಲ್ಲಿ ಕಾಲೇಜ್."

ಹತ್ತು ವರ್ಷದ ಕೆಲಸ ಒಂದು ಬೇಸಿಗೆಯ ಮೇಲೆ ನಿಂತಿದೆ ಎಂದು ನಮಗೆ ಅರ್ಥವಾಯಿತು.

ಜುಲೈನಲ್ಲಿ ಕ್ಲಬ್ ಹಳ್ಳಿ ಹಳ್ಳಿಗೆ ಹೋಗಿ ಅಭ್ಯಾಸದ ಪಂದ್ಯ ಆಡುತ್ತದೆ. ಮೊದಲ ಪಂದ್ಯಕ್ಕೆ ನಾನು ವಾರಿಜಾಳನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಸುತ್ತ ಹಸುಗಳು ಮೇಯುವ ಹುಲ್ಲುಗಾವಲು, ನಡುವೆ ಮೈದಾನ, ಒಂದು ಕಡೆ ಕಾಫಿ ಮತ್ತು ಕ್ರೋಕೆಟ್ ಎಂಬ ಕರಿದ ತಿಂಡಿ ಮಾರುವ ಕಿಟಕಿ. ಬೇಸಿಗೆ ಎಂಬುದು ಹೆಸರಿಗೆ. ಗಾಳಿ ಕಿವಿಗೆ ಹೊಡೆಯುತ್ತಿತ್ತು. ವಾರಿಜಾ ತಲೆಗೆ ಸ್ಕಾರ್ಫ್ ಕಟ್ಟಿ, ನನ್ನ ಜಾಕೆಟ್ಟಿನ ಮೇಲೆ ತನ್ನ ಶಾಲು ಹೊದ್ದು ಬೇಲಿಗೆ ಒರಗಿ ನಿಂತಳು. ಎರಡನೇ ಅರ್ಧದಲ್ಲಿ ನಿಹಾಲ್‌ನನ್ನು ಇಳಿಸಿದರು. ಮೈಕ್ ಹಿಡಿದ ಹಳ್ಳಿಯ ಅಜ್ಜ ಹೊರಗೆ ಹೋಗುವವನ ಹೆಸರು ಹೇಳಿ, ಒಳಗೆ ಬರುವವನಿಗೆ "ಟ್ರಯಲ್ ಆಟಗಾರ" ಎಂದಷ್ಟೇ ಹೇಳಿದ. ಇಲ್ಲಿನ ಪದ್ಧತಿ ಹಾಗೆ. ಕಾಂಟ್ರಾಕ್ಟ್ ಆಗುವವರೆಗೆ ಹೆಸರು ಹೊರಗೆ ಬಿಡುವುದಿಲ್ಲ.

ವಾರಿಜಾಗೆ ಸಿಟ್ಟು ಬಂತು. "ಹೆಸರು ಇಲ್ವಾ ಅವನಿಗೆ? ಅಪ್ಪ ಅಮ್ಮ ಇಟ್ಟ ಹೆಸರು ಉಂಟಲ್ಲ?"

"ಸುಮ್ನಿರು, ಹಾಗೇ ಅಂತೆ."

ಅವಳು ಸುಮ್ಮನಿರಲಿಲ್ಲ. ಪಂದ್ಯ ಮುಗಿಯುವವರೆಗೆ "ನಿಹಾಲ್! ಓಡು ನಿಹಾಲ್!" ಎಂದು ಕೂಗಿದಳು. ಎಡಗಡೆ ಬೇಲಿಯುದ್ದಕ್ಕೂ ಅವನು ಓಡುವಾಗ ತಾನೂ ಅತ್ತಿತ್ತ ನಡೆದಳು. ಪಕ್ಕದಲ್ಲಿದ್ದ ಡಚ್ ಹೆಂಗಸು "ನಿಮ್ಮ ಮಗನಾ?" ಎಂದು ಕೇಳಿದಾಗ "ಅಲ್ಲ, ನಮ್ಮ ಮನೆಯಲ್ಲಿ ಊಟ ಮಾಡುವವ" ಎಂದು ತನ್ನ ಡಚ್‌ನಲ್ಲಿ ಹೇಳಿದಳು. ಆ ಹೆಂಗಸಿಗೆ ಅದು ಸಾಕಾಯಿತು.

ಅಲ್ಲಿಂದ ಅವಳ ದಿನಗಳಿಗೆ ಒಂದು ಕ್ರಮ ಬಂತು. ಬೆಳಗ್ಗೆ ಗಂಜಿ. ಅವನು ಹೋದ ಮೇಲೆ ಕಾಲುವೆಯ ಬದಿಯಲ್ಲಿ ನಡಿಗೆ. "ಅವ ಅಷ್ಟು ಓಡ್ತಾನೆ, ನಂಗೆ ಸೇತುವೆವರೆಗೆ ನಡೀಲಿಕ್ಕೆ ಆಗುದಿಲ್ವಾ?" ಎನ್ನುತ್ತಿದ್ದಳು. ಫಿಸಿಯೊಥೆರಪಿಯವರು ಹೇಳಿ ಹೇಳಿ ಸೋತ ಕೈಯ ವ್ಯಾಯಾಮವನ್ನು ಸಂಜೆ ನಿಹಾಲ್ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವಾಗ ತಾನೂ ಕೂತು ಮಾಡತೊಡಗಿದಳು. ಇಬ್ಬರೂ ಹಾಲ್‌ನಲ್ಲಿ ಎದುರು ಬದುರು, ಒಬ್ಬ ಕಾಲು, ಒಬ್ಬಳು ಕೈ. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ.

"ಆಂಟಿ, ಚೀಟಿಂಗ್. ಎಲ್ಬೋ ಬೆಂಡ್ ಆಗ್ತಿದೆ."

"ನಿನ್ನ ಕೋಚ್ ನಾನಲ್ಲ, ನನ್ನ ಕೋಚ್ ನೀನಲ್ಲ. ನಿನ್ನ ಕಾಲು ನೋಡ್ಕೋ."

ಜುಲೈ ಕೊನೆಗೆ ತಂಡದ ಎಡ ಬ್ಯಾಕ್‌ಗೆ, ಎಂದರೆ ನಿಹಾಲ್‌ನಂತೆಯೇ ಎಡಬದಿ ಕಾಯುವವನಿಗೆ, ತೊಡೆಯ ಸ್ನಾಯು ಹರಿಯಿತು. ಯಾರದೋ ನೋವು ಇನ್ನೊಬ್ಬರ ಅವಕಾಶ; ಸಂತೋಷಪಡಲೂ ಆಗದು, ಪಡದಿರಲೂ ಆಗದು. ಮುಂದಿನ ಪಂದ್ಯಕ್ಕೆ ನಿಹಾಲ್‌ನನ್ನು ಮೊದಲಿನಿಂದಲೇ ಆಡಿಸಿದರು. ಚೆನ್ನಾಗಿ ಆಡಿದ. ಅವನು ಬದಿಯಿಂದ ಗೋಲಿನ ಮುಂದಕ್ಕೆ ಹಾಕಿದ ಒಂದು ಕ್ರಾಸ್‌ನಿಂದ ಗೋಲೂ ಬಂತು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡ.

ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ವಾರಿಜಾ ರವೆ ಉಂಡೆ ಕಟ್ಟಿದಳು. ಒಂದು ಬಲಗೈಯಲ್ಲೇ, ಎಡಗೈ ಒತ್ತಿ ಹಿಡಿಯುತ್ತಿರಲಿಲ್ಲ. ದೊಡ್ಡ ಡಬ್ಬದ ತುಂಬ. ಅದನ್ನು ಚೀಲದಲ್ಲಿ ಹಾಕಿಕೊಂಡು ಟ್ರಾಮ್ ಹತ್ತಿ, ರೈಲು ಹತ್ತಿ, ಒಬ್ಬಳೇ ಕ್ಲಬ್ಬಿಗೆ ಹೋದಳು. ಕಾಯಿಲೆ ಬಂದ ಮೇಲೆ ಅವಳು ಒಬ್ಬಳೇ ರೈಲು ಹತ್ತಿದ್ದು ಅಂದೇ. ರಿಸೆಪ್ಷನ್‌ನಲ್ಲಿ ಡಬ್ಬ ಇಟ್ಟು "ನಿಹಾಲ್ ಕಡೆಯಿಂದ, ಎಲ್ಲರಿಗೂ" ಎಂದು ಹೇಳಿ ಬಂದಳು. ಸಂಜೆ ನನಗೆ ಅದನ್ನೆಲ್ಲ ವರ್ಣಿಸಿದಳು.

"ಎಷ್ಟು ಒಳ್ಳೆ ಜನ ಮಾರಾಯ್ರೆ. ಆ ರಿಸೆಪ್ಷನ್ ಹೆಂಗಸು ಎದ್ದು ಬಂದು ಕೈ ಕುಲುಕಿ ಅಭಿನಂದನೆ ಹೇಳಿದ್ಳು. ಒಂದು ಆಟ ಆಡಿದ್ದಕ್ಕೆ!"

ನಾನು ಚಹಾ ಲೋಟ ಕೆಳಗಿಟ್ಟೆ. ನಮ್ಮಲ್ಲಿ ಒಳ್ಳೆಯದೇನಾದರೂ ಆದರೆ, ಆಗುವ ಸೂಚನೆ ಕಂಡರೂ, ನೆರೆಕರೆಯವರ ಬಾಯಿ ಸಿಹಿ ಮಾಡುತ್ತೇವೆ. ಇಲ್ಲಿಯೂ ಸಿಹಿ ಹಂಚುತ್ತಾರೆ, ಆದರೆ ಅದಕ್ಕೊಂದು ಅರ್ಥ ಇದೆ. ಹುಟ್ಟಿದ ಹಬ್ಬವಾದವನು ತಾನೇ ಕೇಕ್ ತರುತ್ತಾನೆ. ಕೆಲಸ ಖಾಯಂ ಆದವನು ತರುತ್ತಾನೆ. ಆಗಿಹೋದ ಸಂಗತಿಗೆ ಸಿಹಿ. ಆಗಲಿ ಎಂಬ ಆಸೆಗಲ್ಲ. ಟ್ರಯಲ್‌ಗೆ ಬಂದವನ ಹೆಸರಿನಲ್ಲಿ ಒಂದು ಡಬ್ಬ ಸಿಹಿ ಬಂತೆಂದರೆ ಅದಕ್ಕೆ ಒಂದೇ ಅರ್ಥ.

ನಿಹಾಲ್ ಬಂದ. ಬೂಟು ಬಿಚ್ಚದೆ ಬಾಗಿಲ ಹತ್ತಿರವೇ ನಿಂತ.

"ಆಂಟಿ, ನೀವು ಲಾಡು ಕೊಟ್ರಾ?"

"ಹೌದು. ಸಾಕಾಯ್ತಾ ಎಲ್ಲರಿಗೂ?"

"ಎಲ್ರೂ ನಾನು ಸೈನ್ ಮಾಡ್ದೆ ಅಂದ್ಕೊಂಡ್ರು."

ಹೊಸದಾಗಿ ಕಾಂಟ್ರಾಕ್ಟ್ ಆದವನು ಊಟದ ಹೊತ್ತಿಗೆ ಕುರ್ಚಿಯ ಮೇಲೆ ನಿಂತು ಎಲ್ಲರೆದುರು ಹಾಡಬೇಕು. ಅದು ಅಲ್ಲಿನ ನಿಯಮ. ನಿಹಾಲ್ ಸ್ನಾನ ಮುಗಿಸಿ ಕ್ಯಾಂಟೀನಿಗೆ ಹೋದಾಗ ಎಲ್ಲರ ಕೈಯಲ್ಲೂ ರವೆ ಉಂಡೆ, ಎಲ್ಲರೂ ಟೇಬಲ್ ಬಡಿಯುತ್ತಿದ್ದರು, ನಡುವೆ ಕುರ್ಚಿ ಇಟ್ಟಿತ್ತು.

"ಇಲ್ಲ ಅಂತ ಹೇಳ್ಬಾರ್ದಿತ್ತಾ?" ಎಂದೆ.

"ಹೇಳ್ದೆ ಅಂಕಲ್. 'ನಾನು ಸೈನ್ ಮಾಡಿಲ್ಲ' ಅಂದೆ. ಹಾಡೋದು ತಪ್ಪಿಸ್ಕೊಳ್ಳೋಕೆ ಎಲ್ರೂ ಹಾಗೇ ಹೇಳ್ತಾರೆ. ಇನ್ನೂ ಜೋರಾಗಿ ಬಡಿದ್ರು. ಎತ್ತಿ ನಿಲ್ಸಿದ್ರು."

"ಹಾಡಿದ್ಯಾ?" ಎಂದಳು ವಾರಿಜಾ. ಸ್ವರ ಸಣ್ಣದಾಗಿತ್ತು.

"ಹಾಡ್ದೆ. ಅಜ್ಜಿ ಹೇಳ್ತಿದ್ದ ತುಳು ಹಾಡು. ಬೇರೆ ಏನೂ ನೆನಪಿಗೆ ಬರ್ಲಿಲ್ಲ. ಅವ್ರಿಗೆ ತುಂಬಾ ಇಷ್ಟ ಆಯ್ತು. ಆಮೇಲೆ ಕೋಚ್ ಬಂದ್ರು. 'ಯಾರಪ್ಪಾ ಸೈನ್ ಮಾಡಿದ್ದು? ನನಗೆ ಯಾರೂ ಹೇಳ್ಲಿಲ್ವಲ್ಲ' ಅಂದ್ರು."

ಅವನು ನಕ್ಕುಬಿಡುತ್ತಾನೆ ಎಂದುಕೊಂಡೆ. ನಗಲಿಲ್ಲ. ಮೇಲೆ ಕೋಣೆಗೆ ಹೋದ. ಊಟಕ್ಕೆ ಇಳಿಯಲಿಲ್ಲ. ವಾರಿಜಾ ಅಡುಗೆಮನೆಯಲ್ಲಿ ಒಲೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನಾನೇ ಹಾಳು ಮಾಡಿದೆ" ಎಂದಳು. ನಾನು ಅಭ್ಯಾಸದಂತೆ "ಏನೂ ಆಗುದಿಲ್ಲ, ಎಲ್ಲ ಸರಿ ಆಗ್ತದೆ" ಎಂದೆ. ಅವಳು ಬಟ್ಟೆ ಹಿಂಡಿಟ್ಟು ದೀಪ ಆರಿಸಿದಳು.

ಮರುದಿನ ನಾನು ಅರ್ಧ ದಿನ ರಜೆ ಹಾಕಿದೆ. ಇಬ್ಬರೂ ಕ್ಲಬ್ಬಿಗೆ ಹೋದೆವು. ಕೋಚ್ ಮಾರ್ಟೆನ್ ಮೈದಾನದ ಬದಿಯಲ್ಲಿ ಕೋನ್‌ಗಳನ್ನು ಜೋಡಿಸುತ್ತಿದ್ದರು. ಎತ್ತರದ ಮನುಷ್ಯ, ಮಾತಾಡುವಾಗಲೂ ಕೈ ನಿಲ್ಲದು. ವಾರಿಜಾ ರೈಲಿನಲ್ಲಿ ಇಡೀ ದಾರಿ ಡಚ್ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದಳು.

"ಸಿಹಿ ತಂದದ್ದು ನಾನು. ಹುಡುಗನಿಗೆ ಗೊತ್ತಿರಲಿಲ್ಲ. ಅವನ ತಪ್ಪಿಲ್ಲ."

"ಗೊತ್ತು" ಎಂದರು ಮಾರ್ಟೆನ್. "ನಾನು ಎರಡು ತಿಂದೆ. ಚೆನ್ನಾಗಿತ್ತು."

ನಾನು ಥ್ಯಾಂಕ್ಸ್ ಹೇಳಿ ಹೊರಡಲು ತಿರುಗಿದೆ. ವಾರಿಜಾ ಅಲ್ಲೇ ನಿಂತಿದ್ದಳು. "ಅವನಿಗೆ ಅವಕಾಶ ಇದೆಯಾ?" ಎಂದು ಕೇಳಿದಳು. ಅದು ಬಾಯಿಪಾಠ ಮಾಡಿದ ವಾಕ್ಯವಲ್ಲ.

ಮಾರ್ಟೆನ್ ಕೋನ್ ಕೆಳಗಿಟ್ಟು ಅವಳನ್ನು ನೋಡಿದರು. ಸ್ಕಾರ್ಫ್ ನೋಡಿದರೋ ಏನೋ, ಗೊತ್ತಿಲ್ಲ. "ಕಡಿಮೆ" ಎಂದರು. "ಇಬ್ಬರು ಎಡ ಬ್ಯಾಕ್‌ಗಳಿಗೆ ಕಾಂಟ್ರಾಕ್ಟ್ ಇದೆ. ಒಬ್ಬನಿಗೆ ಗಾಯ, ಆದರೂ ಅವನ ಸಂಬಳ ನಾವು ಕೊಡಲೇಬೇಕು. ನಿಹಾಲ್ ಅವರಷ್ಟೇ ಚೆನ್ನಾಗಿ ಆಡಿದರೆ ಸಾಲದು. ಅವರಷ್ಟು ಆಡುವವರು ನನ್ನ ಹತ್ತಿರ ಇದ್ದಾರಲ್ಲ. ಅವರಿಗಿಂತ ಚೆನ್ನಾಗಿ ಆಡಬೇಕು."

"ಈಗ ಆಡುತ್ತಾನಾ?"

"ಇನ್ನೂ ಇಲ್ಲ. ಆದರೆ ದಿನದಿಂದ ದಿನಕ್ಕೆ ಕಲಿಯುತ್ತಿದ್ದಾನೆ. ಆಗಸ್ಟ್ ಕೊನೆಯವರೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ."

ವಾಪಸು ರೈಲಿನಲ್ಲಿ ನಾನು ಸಮಾಧಾನ ಹೇಳಲು ಮಾತು ಹುಡುಕುತ್ತಿದ್ದೆ. ನೋಡಿದರೆ ಅವಳ ಮುಖ ಅರಳಿತ್ತು.

"ಎಂತ, ಖುಷಿಯಾಗಿದ್ದಿ?"

"ಒಬ್ಬನಾದ್ರೂ ಇದ್ದದ್ದು ಇದ್ದ ಹಾಗೆ ಹೇಳಿದ್ನಲ್ಲ. ನೀವು ಆಸ್ಪತ್ರೆಯಲ್ಲಿ ಡಾಕ್ಟ್ರು ಬಾಯಿ ತೆರೆಯುವ ಮೊದಲೇ 'ಎಲ್ಲ ಸರಿ ಆಗ್ತದೆ' ಅಂತಿದ್ರಿ. ಆಮೇಲೆ ನಂಗೆ ಹೆದರಿಕೆ ಆಗ್ತದೆ ಅಂತ ನಿಮ್ಮ ಹತ್ರ ಹೇಳ್ಲಿಕ್ಕೇ ಆಗ್ಲಿಲ್ಲ."

ಕಿಟಕಿಯಾಚೆ ಗಾಜಿನ ಹಸಿರುಮನೆಗಳು ಒಂದರ ಹಿಂದೆ ಒಂದು ಹಾದುಹೋದವು. "ಹೆದರಿಕೆ ಉಂಟಾ?" ಎಂದು ಕೇಳಿದೆ. "ಉಂಟು" ಎಂದಳು. ನಮ್ಮ ಸ್ಟೇಶನ್ ಬರುವವರೆಗೆ ಅದರ ಬಗ್ಗೆ ಮಾತಾಡಿದೆವು. ಮದುವೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷವಾಗಿತ್ತು. ನಾವು ಹಾಗೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಕಾಯಿಲೆ ಮರಳಿ ಬಂದಾಗ ನಮಗೆ ಮಾತಾಡಲು ಒಂದು ದಾರಿ ಇತ್ತು. ಆ ದಾರಿ ತೆರೆದದ್ದಕ್ಕೆ ಆ ಕೋಚ್‌ಗೆ, ಆ ಡಬ್ಬಕ್ಕೆ, ನಾನು ಇಂದಿಗೂ ಋಣಿ.

ಕೋಚ್ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಅವಳು ನಿಹಾಲ್‌ಗೆ ಹೇಳಿದಳು. ಅವನು ಕೇಳಿಸಿಕೊಂಡು, "ಆಂಟಿ, ಅದು ನಂಗೆ ಮೊದ್ಲೇ ಗೊತ್ತಿತ್ತು" ಎಂದ.

"ಗೊತ್ತಿದ್ದೂ ದಿನಾ ಬೆಳಿಗ್ಗೆ ಏಳ್ತಿಯಾ?"

"ಮತ್ತೆ? ಮಲಗಿದ್ರೆ ಚಾನ್ಸ್ ಜಾಸ್ತಿ ಆಗುತ್ತಾ?"

ವಾರಿಜಾ ನನ್ನ ಕಡೆ ತಿರುಗಿ "ಕೇಳಿದ್ರಾ?" ಎಂದಳು. ಅವತ್ತು ಅವನು ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಒಂದು ವಿಚಿತ್ರ ಏನೆಂದರೆ, ಆ ಹಾಡಿನ ನಂತರ ತಂಡದವರು ಅವನನ್ನು ಟ್ರಯಲ್ ಹುಡುಗ ಎಂದು ನೋಡುವುದನ್ನು ಬಿಟ್ಟರು. ಕಾಂಟ್ರಾಕ್ಟ್ ಇಲ್ಲದೆ ಕುರ್ಚಿ ಹತ್ತಿದವನು ಬೇರೆ ಯಾರೂ ಇರಲಿಲ್ಲ. ಚೆಂಡು ಅವನ ಕಡೆಗೆ ಹೆಚ್ಚು ಬರತೊಡಗಿತು. ಸಾಮಾನ್ಯವಾಗಿ ಅಂಥ ಹುಡುಗನಿಗೆ ಯಾರೂ ಪಾಸ್ ಕೊಡುವುದಿಲ್ಲವಂತೆ. ನಾಳೆ ಇರುತ್ತಾನೋ ಇಲ್ಲವೋ. ಆಗಸ್ಟ್ ಮಧ್ಯದಲ್ಲಿ ಅವನು ಅಲ್ಲಿನ ಎರಡನೇ ಎಡ ಬ್ಯಾಕ್‌ಗಿಂತ ಚೆನ್ನಾಗಿ ಆಡುತ್ತಿದ್ದ. ನನಗೆ ಆಟ ತಿಳಿಯದು, ಆದರೆ ಬೇಲಿಯ ಬಳಿ ನಿಲ್ಲುವ ಮುದುಕರು ಹಾಗೆ ಹೇಳುತ್ತಿದ್ದರು. ವಾರಿಜಾ ಆ ಮುದುಕರ ನಡುವೆ ಜಾಗ ಮಾಡಿಕೊಂಡಿದ್ದಳು. ಅವರು ಅವಳಿಗೆ ಆಫ್‌ಸೈಡ್ ಕಲಿಸಿದರು, ಅವಳು ಅವರಿಗೆ ಚಕ್ಕುಲಿ ತಿನ್ನಲು ಕಲಿಸಿದಳು. ಒಂದು ದಿನ ಸ್ಕಾರ್ಫ್ ಬಿಚ್ಚಿ ಚೀಲದಲ್ಲಿಟ್ಟಳು. ಗಾಳಿಗೆ ಬೆರಳುದ್ದದ ಬಿಳಿ ಕೂದಲು ನಿಂತಿತ್ತು. ಒಬ್ಬ ಮುದುಕ ತನ್ನ ಬೋಳು ತಲೆ ಮುಟ್ಟಿ "ನನಗಿಂತ ಪರವಾಗಿಲ್ಲ" ಎಂದ.

ಆಗಸ್ಟ್ ಕೊನೆಯ ವಾರ ಒಂದು ದೊಡ್ಡ ಕ್ಲಬ್ ತನ್ನ ಎಳೆಯ ಆಟಗಾರನೊಬ್ಬನನ್ನು ಒಂದು ವರ್ಷದ ಮಟ್ಟಿಗೆ ಇವರಿಗೆ ಕಳುಹಿಸಿಕೊಟ್ಟಿತು. ಎಡ ಬ್ಯಾಕ್. ಸಂಬಳದ ಹೆಚ್ಚಿನ ಪಾಲು ಆ ದೊಡ್ಡ ಕ್ಲಬ್ಬಿನದೇ. ಸಣ್ಣ ಕ್ಲಬ್ ಅಂಥದನ್ನು ಬೇಡ ಎನ್ನುವುದಿಲ್ಲ. ಆ ಹುಡುಗ ಕ್ಯಾಂಟೀನಿನಲ್ಲಿ ತನ್ನ ಎದುರಿಗೇ ಕೂತು, ತುಂಬ ಮರ್ಯಾದೆಯಿಂದ ಉಪ್ಪು ಕೇಳಿದ ಎಂದು ನಿಹಾಲ್ ಬಂದು ಹೇಳಿದ. ನಮಗೆ ಅರ್ಥವಾಯಿತು.

ಎರಡು ದಿನ ಬಿಟ್ಟು ಬೆಳಗ್ಗೆ ಮಾರ್ಟೆನ್ ಅವನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿ, ಕೂರಿಸಿ, ಜಾಗ ಇಲ್ಲ ಎಂದರು. ಚೆನ್ನಾಗಿ ಆಡಿದೆ, ನನ್ನ ಕೈಯಲ್ಲಿದ್ದರೆ ಇಟ್ಟುಕೊಳ್ಳುತ್ತಿದ್ದೆ, ಆದರೆ ನನ್ನ ಕೈಯಲ್ಲಿಲ್ಲ ಎಂದರು. ಆಮೇಲೆ ಅವನು ತಂಡದ ಪ್ರತಿಯೊಬ್ಬರ ಕೈ ಕುಲುಕಿ, ಬಟ್ಟೆ ತೊಳೆಯುವವರ ಕೈಯನ್ನೂ ಕುಲುಕಿ, ಬ್ಯಾಗ್ ಹೊತ್ತುಕೊಂಡು ಬಂದ.

ಆಮೇಲಿನದನ್ನು ಬೇಗ ಹೇ‌ಳಿಬಿಡುತ್ತೇನೆ. ನಿಹಾಲ್ ಆ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಸೇರಿದ, ಫಿಸಿಯೊಥೆರಪಿ ಓದುತ್ತಿದ್ದಾನೆ. ಶನಿವಾರ ಊರಿನ ತಂಡದಲ್ಲಿ ಆಡುತ್ತಾನೆ. ಮರುವರ್ಷ ವಾರಿಜಾಳ ಕಾಯಿಲೆ ತಿರುಗಿ ಬಂತು, ಈ ಸಲ ಎಲುಬಿಗೆ. ತಿಂಗಳಿಗೊಮ್ಮೆಯಾದರೂ ಅವನು ಎನ್ಸ್‌ಖೆಡೆಯಿಂದ ಬಂದು ಅವಳ ಹಾಸಿಗೆಯ ಪಕ್ಕ ಕೂತು ಕೈಯ ವ್ಯಾಯಾಮ ಮಾಡಿಸುತ್ತಿದ್ದ, "ಚೀಟಿಂಗ್" ಎಂದು ಬೈಯುತ್ತಿದ್ದ. ಈ ಫೆಬ್ರವರಿಯಲ್ಲಿ ಅವಳ ಶವಪೆಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ. ನನ್ನ ಎದುರಿನ ಬದಿ, ಎಡಗಡೆ.

ಆದರೆ ನನಗೆ ಹೇಳಬೇಕಾಗಿರುವುದು ಅವನು ಬ್ಯಾಗ್ ಹೊತ್ತು ಬಂದ ದಿನದ ಸಂಜೆ. ಅವನ ತಂದೆ ತಾಯಿ ಮರುದಿನ ಕಾರು ತರುವವರಿದ್ದರು. ಅವನು ಸೋಫಾದ ಮೇಲೆ ಫೋನ್ ಮಗುಚಿ ಇಟ್ಟು ಕೂತಿದ್ದ. ಅತ್ತಿರಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು. ನಾನು ಬಾಯಿ ತೆರೆದೆ. ವಾರಿಜಾ ಕಣ್ಣಲ್ಲೇ ಬೇಡ ಎಂದಳು. ಒಳಗೆ ಹೋಗಿ ಚೂಡಿದಾರಕ್ಕೆ ನಡಿಗೆಯ ಬೂಟು ಹಾಕಿಕೊಂಡು ಬಂದಳು.

"ಏಳು. ನಂಗೊಂದು ಟ್ರಯಲ್ ಕೊಡು."

"ವಾಟ್?"

"ಟ್ರಯಲ್. ನೀನು ಕೋಚ್. ಬಾಲ್ ತಗೋ."

"ಆಂಟಿ, ಪ್ಲೀಸ್, ಇವತ್ತು ಬೇಡ."

"ನಂಗೆ ಇವತ್ತೇ ಬೇಕು. ನಾಳೆ ನೀನು ಇರುದಿಲ್ಲ."

ಮನೆಯ ಹಿಂದೆ ಕಾಲುವೆಗೆ ತಾಗಿ ಮಕ್ಕಳು ಆಡುವ ಹುಲ್ಲಿನ ಜಾಗ, ಎರಡು ಕಬ್ಬಿಣದ ಗೋಲು. ಯಾರೂ ಇರಲಿಲ್ಲ. ಓಡಲಿಕ್ಕೆ ಆಗುವುದಿಲ್ಲ, ಗೋಲಿನಲ್ಲಿ ನಿಲ್ಲುತ್ತೇನೆ ಎಂದಳು. ನಾನು ಹಿಂದೆ ನಿಂತು ಚೆಂಡು ಹೆಕ್ಕುವವನು. ನಿಹಾಲ್ ಮನಸ್ಸಿಲ್ಲದ ಮನಸ್ಸಿನಿಂದ ಚೆಂಡನ್ನು ಮೆಲ್ಲಗೆ ಅವಳ ಬಲಗಡೆಗೆ ಉರುಳಿಸಿದ. ಅವಳು ಬಗ್ಗಿ ಹಿಡಿದಳು. ಇನ್ನೊಂದು, ಮತ್ತೆ ಬಲಕ್ಕೆ. ಅವಳು ಚೆಂಡನ್ನು ಹಿಡಿದುಕೊಂಡೇ ನಿಂತಳು.

"ಎಡಕ್ಕೆ ಯಾಕೆ ಹಾಕುದಿಲ್ಲ?"

"ಆ ಕೈ ಮೇಲೆ ಬರಲ್ವಲ್ಲ ಆಂಟಿ."

"ನಂಗೆ ಗೊತ್ತುಂಟು ಬರುದಿಲ್ಲ ಅಂತ. ನೀನು ಹಾಕು. ಸುಳ್ಳು ಟ್ರಯಲ್ ನಂಗೆ ಬೇಡ."

ನಿಹಾಲ್ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಹೋಗಿ ಸರಿಯಾಗಿ ಒದ್ದ. ಜೋರಾಗಿ ಅಲ್ಲ, ಆದರೆ ಎಡಕ್ಕೆ, ಭುಜದ ಎತ್ತರಕ್ಕೆ. ಅವಳ ಕೈ ಅರ್ಧಕ್ಕೆ ಎದ್ದು ನಿಂತಿತು. ಚೆಂಡು ದಾಟಿ ನನ್ನ ಹತ್ತಿರ ಬಂತು. ಮತ್ತೊಂದು, ಅದೂ ದಾಟಿತು. ಮೂರನೆಯದಕ್ಕೆ ಅವಳು ಕೈ ಎತ್ತಲಿಲ್ಲ, ಇಡೀ ಮೈಯನ್ನೇ ಎಡಕ್ಕೆ ಹಾಕಿದಳು. ಚೆಂಡು ಸೊಂಟಕ್ಕೆ ತಾಗಿ ಹೊರಗೆ ಹೋಯಿತು. ಅವಳು ಮುಗ್ಗರಿಸಿ ಕಂಬ ಹಿಡಿದುಕೊಂಡಳು. ನಾನು ಓಡಲಿದ್ದೆ. "ಅಲ್ಲೇ ನಿಲ್ಲಿ" ಎಂದಳು.

ಆಮೇಲೆ ಉಸಿರು ಬಿಡುತ್ತಾ ನಿಹಾಲ್ ಕಡೆ ನೋಡಿದಳು. "ಏನು ಕೋಚ್, ತಗೊಳ್ತೀರಾ?"

ನಿಹಾಲ್ ಕೈ ಹಿಂದೆ ಕಟ್ಟಿದ. ಬೆಳಗ್ಗೆ ಆ ಕೋಣೆಯಲ್ಲಿ ಕೇಳಿದ್ದು ಅವನ ಬಾಯಿಗೆ ಬಂತು. "ಮೇಡಂ, ಚೆನ್ನಾಗಿ ಆಡಿದ್ರಿ. ನನ್ನ ಕೈಲಿದ್ರೆ ಇಟ್ಕೊಳ್ತಿದ್ದೆ." ಅಲ್ಲಿಗೆ ಅವನ ಸ್ವರ ಒಡೆಯಿತು. ಆದರೂ ಮುಗಿಸಿದ. "ಜಾಗ ಇಲ್ಲ."

"ಇಲ್ವಾ?"

"ಇಲ್ಲ ಆಂಟಿ."

ಅವನು ಅತ್ತ. ಬೆನ್ನು ತಿರುಗಿಸಿಕೊಳ್ಳದೆ, ಮುಖ ಮುಚ್ಚಿಕೊಳ್ಳದೆ, ಮೈದಾನದ ನಡುವೆ ನಿಂತೇ ಅತ್ತ. ವಾರಿಜಾ ಹತ್ತಿರ ಹೋಗಲಿಲ್ಲ. ಸಮಾಧಾನ ಹೇಳಲಿಲ್ಲ. ಕಂಬಕ್ಕೆ ಒರಗಿ ಅವನು ಮುಗಿಸುವವರೆಗೆ ಕಾದಳು. ಕಾಲುವೆಯಲ್ಲಿ ಒಂದು ದೋಣಿ ಹಾದುಹೋಯಿತು, ಅದರಲ್ಲಿದ್ದವರು ನಮಗೆ ಕೈ ಬೀಸಿದರು. ಅವನು ತೋಳಿನಿಂದ ಮೂಗು ಒರೆಸಿಕೊಂಡ.

"ಸರಿ" ಎಂದಳು ವಾರಿಜಾ. ಮತ್ತೆ ಗೋಲಿನ ನಡುವೆ ಹೋಗಿ ನಿಂತು, ಮೊಣಕಾಲು ಬಗ್ಗಿಸಿ, ಬಲಗೈಯಿಂದ ಎಡಗೈಯನ್ನು ಎತ್ತಿ ತಯಾರಾದಳು. "ಜಾಗ ಇಲ್ಲದಿದ್ರೆ ಬೇಡ. ಇನ್ನೂ ಬೆಳಕುಂಟು. ಎಡಕ್ಕೇ ಹಾಕು."

ನಾನು ಅವನ ಕಡೆಗೆ ಚೆಂಡು ಎಸೆದೆ.